ಮಗಳ ಒಂಟಿ ಪ್ರಯಾಣವೂ ಮನೆಗೆ ಮುಟ್ಟಬೇಕಾದ ಸುದ್ದಿಯೂ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಒಂದು ಕಾಲಕ್ಕೆ ಹೆಣ್ಣುಮಗಳು ಊರ ಅಗಸಿಯನ್ನು ದಾಟಬೇಕಾದರೆ ಅಣ್ಣನಾಗಲಿ, ಸೋದರಮಾವನಾಗಲಿ ಜೊತೆಗಿರಲೇಬೇಕೆಂಬ ಕಟ್ಟಳೆಯಿತ್ತು. ಆ ಕಾಲವು ಹಿಂದೆ ಸರಿಯಿತು. ಇಂದು ಈ ಭಾಗದ ಹೆಣ್ಣುಮಕ್ಕಳು ದಾದಿಯರಾಗಿ ಕೊಲ್ಲಿಯ ದೇಶಗಳಿಗೆ ಹೋಗುತ್ತಾರೆ. ಭೂಗರ್ಭಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿ ಕಚ್ಛದ ರಣಕ್ಕೂ ರಾಜಸ್ಥಾನದ ಥಾರ ಮರುಭೂಮಿಗೂ ಅಭ್ಯಾಸಕ್ಕಾಗಿ ತೆರಳುತ್ತಾರೆ. ಕೆಲವರು ಕೇವಲ ದೇವರ ಸೃಷ್ಟಿಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ಲಡಾಖದ ತಣ್ಣನೆಯ ಮರುಭೂಮಿಯವರೆಗೂ ಒಬ್ಬೊಬ್ಬರೇ ಹೋಗಿಬರುತ್ತಾರೆ. ಇದನ್ನು ಕಂಡು ಶಿಕ್ಷಕಿಯರಾದ ನಮಗೆ ಸಂತೋಷವಾಗುವದು ಸಹಜವೇ. ಆದರೆ ಇಂಥ ಪ್ರಯಾಣದ ಮಾತು ಬಂದೊಡನೆ ಪಾಲಕರ ಮೋರೆಯ ಮೇಲೆ ಮೂಡುವ ಕಳವಳವನ್ನೂ ನಾವು ಅರಿಯದವರಲ್ಲ. ಆ ಕಳವಳದ ವಿಷಯವಾಗಿಯೇ ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ಈ ಕಳವಳವನ್ನು ಹೋಗಲಾಡಿಸಲು ಪಾಲಕರು ಸಾಮಾನ್ಯವಾಗಿ ಎರಡೇ ಉಪಾಯಗಳನ್ನು ಹಿಡಿಯುತ್ತಾರೆ. ಮೊದಲನೆಯದು, "ನೀನು ಹೋಗುವದೇ ಬೇಡ" ಎಂದು ತಡೆಯುವದು. ಎರಡನೆಯದು, ಬೆಲೆಯುಳ್ಳ ಒಂದು ಮೊಬೈಲನ್ನು ಕೊಡಿಸಿ, "ಗಳಿಗೆಗೊಮ್ಮೆ ಫೋನುಮಾಡು" ಎಂದು ಅಪ್ಪಣೆಮಾಡುವದು. ಇವೆರಡೂ ಸಾಲವೆಂಬದೇ ನಮ್ಮ ಅಭಿಪ್ರಾಯ. ಮೊದಲನೆಯದು ಮಗಳ ಬಾಳನ್ನು ಕುಗ್ಗಿಸುವದು. ಎರಡನೆಯದು ಧೈರ್ಯದ ವೇಷವನ್ನು ಮಾತ್ರ ಕೊಡುವದು, ಧೈರ್ಯವನ್ನು ಕೊಡಲಾರದು. ಏಕೆಂಬದನ್ನು ಒಂದು ನಿಜಸಂಗತಿಯಿಂದ ತಿಳಿಯಬಹುದು.

2024ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಸೌದಿ ಅರೇಬಿಯದ ರುಬ್ ಅಲ್ ಖಾಲಿ ಎಂಬ ಮರುಭೂಮಿಯಲ್ಲಿ ನಮ್ಮ ನೆರೆಯ ತೆಲಂಗಾಣದ ಒಬ್ಬ ತರುಣನೂ ಅವನ ಸಂಗಡಿಗನಾದ ಸೂಡಾನ ದೇಶದವನೊಬ್ಬನೂ ಮರಣ ಹೊಂದಿದ ಸುದ್ದಿಯನ್ನು ವಾಚಕರು ಓದಿರಬಹುದು. ಆ ತರುಣನ ವಯಸ್ಸು 27. ಅವನು ಕೆಲಸಕ್ಕಿದ್ದದ್ದು ದೂರಸಂಪರ್ಕದ ಕಂಪನಿಯೊಂದರಲ್ಲಿಯೇ. ದಾರಿ ತೋರಿಸುವ ಯಂತ್ರವು ಕೈಕೊಟ್ಟಿತು, ದಾರಿ ತಪ್ಪಿತು, ವಾಹನದ ಎಣ್ಣೆ ತೀರಿತು, ಮೊಬೈಲಿನ ಬ್ಯಾಟರಿಯೂ ತೀರಿತು, ಕುಡಿಯುವ ನೀರೂ ಉಳಿಯಲಿಲ್ಲ. ನಾಲ್ಕು ದಿನಗಳ ತರುವಾಯ ಹುಡುಕಲು ಹೋದವರಿಗೆ ವಾಹನದ ಬಳಿಯಲ್ಲಿಯೇ ಅವರಿಬ್ಬರ ಶವಗಳು ದೊರೆತವು. ರುಬ್ ಅಲ್ ಖಾಲಿ ಎಂಬ ಮಾತಿಗೆ "ಬರಿದಾದ ನಾಲ್ಕನೆಯ ಪಾಲು" ಎಂದು ಅರ್ಥ. ಅದರ ವಿಸ್ತಾರವು ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರು. ಎಂದರೆ ನಮ್ಮ ಬೆಳಗಾವಿ ಜಿಲ್ಲೆಯಂಥ ಜಿಲ್ಲೆಗಳು ಸುಮಾರು 48 ಅದರಲ್ಲಿ ಅಡಗಿಯಾವು. ಅಂಥ ಕಡೆಗೆ ಒಂದು ಬಿಳಿಯ ವಾಹನವನ್ನು ಹುಡುಕುವದೆಂದರೆ ಜೋಳದ ರಾಶಿಯಲ್ಲಿ ಬಿದ್ದ ಮೂಗುಬಟ್ಟನ್ನು ಹುಡುಕಿದಂತೆಯೇ ಸರಿ.

ಈ ದುಃಖದ ಸಂಗತಿಯು ನಮಗೆ ಕಲಿಸುವದೇನು? ಅವರ ಕೈಯಲ್ಲಿ ಮೊಬೈಲು ಇರಲಿಲ್ಲವೆಂದಲ್ಲ, ಇತ್ತು. ಆದರೆ ಮೊಬೈಲೆಂಬದು ಸ್ವತಂತ್ರವಾದ ಸಾಧನವಲ್ಲ. ಅದರ ಬೆನ್ನಿಗೆ ಟವರು ಬೇಕು, ಟವರಿಗೆ ವಿದ್ಯುತ್ತು ಬೇಕು, ಕೈಯೊಳಗಿನ ಯಂತ್ರಕ್ಕೆ ಚಾರ್ಜು ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಅದು ಕೇವಲ ಗಾಜಿನ ತುಂಡು. ಮೇಲಾಗಿ ಟವರಿಲ್ಲದ ಕಡೆಗೆ ಮೊಬೈಲು ಟವರನ್ನು ಹುಡುಕುತ್ತ ಹುಡುಕುತ್ತಲೇ ತನ್ನ ಬ್ಯಾಟರಿಯನ್ನು ಎಂದಿಗಿಂತ ಬೇಗ ತೀರಿಸಿಕೊಳ್ಳುವದು. ಆದುದರಿಂದ ನಿರ್ಜನವಾದ ಸೀಮೆಯನ್ನು ಹೊಕ್ಕೊಡನೆ ಅದನ್ನು ವಿಮಾನದ ಮೋಡಿನಲ್ಲಿ ಇಟ್ಟು, ಬೇಕಾದಾಗ ಮಾತ್ರ ತೆರೆಯುವದು ಜಾಣತನ.

"ಮರುಭೂಮಿಯ ಮಾತು ನಮಗೇಕೆ? ನಮ್ಮದು ಕೃಷ್ಣಾ ತೀರದ ಕಬ್ಬಿನ ನಾಡು" ಎಂದು ಯಾರಾದರೂ ಕೇಳಬಹುದು. ಆದರೆ ಸುದ್ದಿ ಮುಟ್ಟದ ಸ್ಥಳವೇ ಮರುಭೂಮಿಯೆಂದು ತಿಳಿದರೆ, ನಮ್ಮ ನಾಡೂ ವರ್ಷದಲ್ಲಿ ಕೆಲವು ದಿನ ಮರುಭೂಮಿಯೇ ಆಗುವದು. ಮಹಾಬಳೇಶ್ವರದ ಕಡೆಗೆ ಮಳೆ ಹಿಡಿದು, ಕೊಯ್ನಾದ ನೀರು ಕೆಳಗೆ ಬಂದಿತೆಂದರೆ ಕಲ್ಲೋಳ–ಯಡೂರಿನ ಕೆಳಮಟ್ಟದ ಸೇತುವೆಯು ಮುಳುಗುವದು; ದೂಧಗಂಗಾ, ವೇದಗಂಗಾ ನದಿಗಳ ಮೇಲಿನ ಇಂಥವೇ ಎಷ್ಟೋ ಸೇತುವೆಗಳು ಒಂದರ ಹಿಂದೊಂದು ಕಾಣದಾಗುವವು. 2005, 2019, 2021ನೆಯ ಇಸವಿಗಳ ಮಹಾಪೂರಗಳನ್ನು ನಮ್ಮ ಪಾಲಕರು ಮರೆತಿರಲಾರರು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆಯ ನೀರು ರಾಷ್ಟ್ರೀಯ ಹೆದ್ದಾರಿಯನ್ನೇ ತಡೆಹಿಡಿದಿತ್ತು. ಹೊಳೆಯ ಈಚೆಗೆ ಕಾಲೇಜಿಗೆ ಬಂದ ಹುಡುಗಿಯು ಸಂಜೆಗೆ ಆಚೆಯ ತೋಟದ ಮನೆಗೆ ಹೋಗಲಾರದೆ ನಿಂತಳೆಂದರೆ, ಅಂದು ವಿದ್ಯುತ್ತೂ ಹೋಗಿ ಟವರಿನ ಬ್ಯಾಟರಿಯೂ ತೀರಿತ್ತೆಂದರೆ, ಆಕೆಯ ಸ್ಥಿತಿಗೂ ಮರಳುಗಾಡಿನಲ್ಲಿ ನಿಂತವಳ ಸ್ಥಿತಿಗೂ ಬಹಳ ಅಂತರವೇನಿದೆ? ಒಬ್ಬಳ ಸುತ್ತಲೂ ನೀರೇ ಇಲ್ಲ, ಇನ್ನೊಬ್ಬಳ ಸುತ್ತಲೂ ನೀರೇ ಎಲ್ಲ. ಮನೆಯಲ್ಲಿ ಕಾಯುವ ತಾಯಿಗೆ ಮಾತ್ರ ಎರಡೂ ಒಂದೇ.

ಹಾಗಾದರೆ ಇರುವ ಸಾಧನಗಳಾವವು, ಯಾವದು ಎಷ್ಟರ ಮಟ್ಟಿಗೆ ನಂಬಿಗೆಗೆ ಅರ್ಹವಾದದ್ದು ಎಂಬದನ್ನು ಅನುಕ್ರಮವಾಗಿ ನೋಡೋಣ.

ಮೊದಲನೆಯದು ಕೈಯಲ್ಲಿರುವ ಮೊಬೈಲೇ. ಇದನ್ನು ನಾವು ತುಚ್ಛವೆಂದು ಹೇಳುತ್ತಿಲ್ಲ. ಇದರ ಪೂರ್ಣ ಉಪಯೋಗವು ಬಹುಜನರಿಗೆ ತಿಳಿಯದೆಂದು ಹೇಳುತ್ತೇವೆ. ನಮ್ಮ ದೇಶದಲ್ಲಿ ಪೋಲೀಸು, ಅಗ್ನಿಶಾಮಕ, ಅಂಬ್ಯುಲನ್ಸು ಇವೆಲ್ಲಕ್ಕೂ 112 ಎಂಬ ಒಂದೇ ಸಂಖ್ಯೆಯಿದೆ. ತನ್ನ ಕಂಪನಿಯ ಟವರು ದೊರೆಯದಿದ್ದರೂ ಬೇರೆ ಕಂಪನಿಯ ಟವರು ಸಮೀಪದಲ್ಲಿದ್ದರೆ ಅದರ ಮೂಲಕವಾಗಿ ಈ ಆಪತ್ಕಾಲದ ಕರೆಯು ಹೋಗಬಲ್ಲದು. 2017ರಿಂದ ನಮ್ಮಲ್ಲಿ ಮಾರುವ ಮೊಬೈಲುಗಳಿಗೆ ಆಪತ್ತಿನ ಗುಂಡಿಯ ಸೌಕರ್ಯವಿರಬೇಕೆಂದು ಸರಕಾರದ ನಿಯಮವುಂಟು: ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಸಾರೆ ಒತ್ತುವದು, ಸಾದಾ ಮೊಬೈಲಿನಲ್ಲಿ 5 ಇಲ್ಲವೆ 9ನೆಯ ಗುಂಡಿಯನ್ನು ಒತ್ತಿ ಹಿಡಿಯುವದು. ಮಾತು ಹೋಗದಷ್ಟು ಸಿಗ್ನಲು ಕ್ಷೀಣವಾದ ಕಡೆಗೂ ನಾಲ್ಕು ಶಬ್ದಗಳ ಸಾದಾ ಎಸ್ಸೆಮ್ಮೆಸ್ಸು ಹೋಗುವ ಸಂಭವವುಂಟು. ಇನ್ನೊಂದು ಸಂಗತಿ: ತಾನಿರುವ ಸ್ಥಳವನ್ನು ಅಕ್ಷಾಂಶ, ರೇಖಾಂಶಗಳಿಂದ ತೋರಿಸುವ ಜಿಪಿಎಸ್ ಭಾಗವು ಟವರಿಲ್ಲದೆಯೂ ನಡೆಯುವದು, ಏಕಂದರೆ ಅದು ಆಕಾಶದ ಉಪಗ್ರಹಗಳಿಂದ ಸಂಕೇತವನ್ನು ತೆಗೆದುಕೊಳ್ಳುವದೇ ಹೊರತು ತಾನೇನನ್ನೂ ಕಳಿಸುವದಿಲ್ಲ. ಆದ್ದರಿಂದ ನಕಾಶೆಯನ್ನು ಹೊರಡುವ ಮೊದಲೇ ಮೊಬೈಲಿನೊಳಗೆ ಇಳಿಸಿಕೊಂಡಿರಬೇಕು. ನಾವು ಭೂಗೋಲದ ತರಗತಿಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡಿಸುವಾಗ ಬೇಸರಿಸಿದ ಹುಡುಗಿಯರು ಇದನ್ನು ಓದಿ ನಗಬಹುದು.

ಗಡಿಯಲ್ಲಿರುವ ನಮ್ಮ ಜನರು ಒಂದು ವಿಶೇಷವನ್ನು ಗಮನಿಸತಕ್ಕದ್ದು. ನಿಪ್ಪಾಣಿ, ಕಾಗವಾಡಗಳ ಕಡೆಗೆ ಮೊಬೈಲು ಒಮ್ಮೆ ಕರ್ನಾಟಕದ ಟವರನ್ನೂ ಒಮ್ಮೆ ಮಹಾರಾಷ್ಟ್ರದ ಟವರನ್ನೂ ಹಿಡಿಯುವದುಂಟು. ಆಪತ್ತಿನಲ್ಲಿ ಕರೆಮಾಡಿದಾಗ ಮೊದಲು ರಾಜ್ಯ, ಜಿಲ್ಲೆ, ತಾಲೂಕು, ಊರು ಇವನ್ನು ಹೇಳಿ ಆಮೇಲೆ ಅಳಬೇಕು. ಅತ್ತು ಆಮೇಲೆ ಹೇಳಬಾರದು. ಅದರಂತೆಯೇ ಲಡಾಖ, ಕಾಶ್ಮೀರಗಳ ಕಡೆಗೆ ಹೋಗುವವರು ಹೊರರಾಜ್ಯಗಳ ಪ್ರೀಪೇಡ್ ಸಿಮ್ ಕಾರ್ಡು ಅಲ್ಲಿ ನಡೆಯುವದಿಲ್ಲವೆಂದೇ ತಿಳಿದು ಪೋಸ್ಟ್‌ಪೇಡ್ ಕಾರ್ಡನ್ನು ಒಯ್ಯತಕ್ಕದ್ದು. ಪರದೇಶಗಳಿಗೆ ಹೋಗುವವರು ಆಯಾ ದೇಶದ ಸಂಖ್ಯೆಯನ್ನು ಬಲ್ಲವರಾಗಿರಬೇಕು: ಸಂಯುಕ್ತ ಅರಬ ಎಮಿರೇಟ್ಸಿನಲ್ಲಿ ಪೋಲೀಸರಿಗೆ 999, ಓಮಾನದಲ್ಲಿ 9999, ಕುವೈತದಲ್ಲಿ 112.

ಎರಡನೆಯದು ಉಪಗ್ರಹದ ಸಾಧನಗಳು. ಟವರಿನ ಹಂಗಿಲ್ಲದೆ ನೇರವಾಗಿ ಆಕಾಶಕ್ಕೆ ಮಾತನ್ನಾಗಲಿ ಬರೆಹವನ್ನಾಗಲಿ ಕಳಿಸುವ ಯಂತ್ರಗಳು ಇಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವಾಗಿವೆ. ಅಮೇರಿಕ, ಆಸ್ಟ್ರೇಲಿಯಗಳ ಮರುಭೂಮಿಗಳಲ್ಲಿ ಒಬ್ಬರೇ ಸಂಚರಿಸುವವರಿಗೆ ಇವು ಊರುಗೋಲಿನಂತಾಗಿವೆ. 2022ರ ನವಂಬರದಿಂದ ಅಮೇರಿಕ, ಕೆನಡಾಗಳಲ್ಲಿ ಐಫೋನಿನೊಳಗೇ ಉಪಗ್ರಹದ ಮೂಲಕ ಆಪತ್ತಿನ ಸುದ್ದಿಯನ್ನು ಕಳಿಸುವ ಏರ್ಪಾಡು ಬಂದಿತು. ಆದರೆ ನಮ್ಮ ವಿದ್ಯಾರ್ಥಿನಿಯರು ಮರೆಯದೆ ನೆನಪಿಡತಕ್ಕ ಮಾತೊಂದಿದೆ. ನಮ್ಮ ದೇಶದಲ್ಲಿ ಸರಕಾರದ ಅನುಮತಿಯಿಲ್ಲದೆ ಉಪಗ್ರಹದ ಫೋನನ್ನಾಗಲಿ, ಉಪಗ್ರಹದ ಮೂಲಕ ಬರೆಹ ಕಳಿಸುವ ಯಂತ್ರವನ್ನಾಗಲಿ ಇಟ್ಟುಕೊಳ್ಳುವದು ಅಪರಾಧ. 2008ರ ಮುಂಬಯಿಯ ಹತ್ಯಾಕಾಂಡದಲ್ಲಿ ಘಾತುಕರು ಇಂಥ ಫೋನನ್ನು ಬಳಸಿದ್ದರಿಂದ ಸರಕಾರದ ಕಣ್ಣು ಇನ್ನಷ್ಟು ಬಿಗಿಯಾಯಿತು. 2024ರ ಡಿಸೆಂಬರದಲ್ಲಿ ನಮ್ಮ ಪಕ್ಕದ ಗೋವೆಯ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬಳು ತನ್ನ ರಕ್ಷಣೆಗಾಗಿ ಇಟ್ಟುಕೊಂಡಿದ್ದ ಅಂಥದೇ ಯಂತ್ರದ ದೆಸೆಯಿಂದ ಪೋಲೀಸರ ಕೈಯಲ್ಲಿ ಸಿಕ್ಕಿ ತೊಡಕಿಗೊಳಗಾದಳು. ಹೊರದೇಶದಲ್ಲಿ ಕೆಲಸಮಾಡುವ ನಮ್ಮ ಹುಡುಗಿಯರು ರಜೆಗೆ ಬರುವಾಗ ಇಂಥ ಯಂತ್ರವನ್ನು ಪೆಟ್ಟಿಗೆಯಲ್ಲಿ ತರಬಾರದು.

ಮೂರನೆಯದು ಆಪತ್ತಿನ ದೀವಿಗೆಯೆಂದು ನಾವು ಕರೆಯಬಹುದಾದ ಸಾಧನ. ಇದರಲ್ಲಿ ಮಾತಿಲ್ಲ, ಬರೆಹವಿಲ್ಲ. ಗುಂಡಿಯನ್ನು ಒತ್ತಿದರೆ 406 ಮೆಗಾಹರ್ಟ್ಸಿನ ಅಲೆಯ ಮೇಲೆ "ನಾನು ಇಂಥಲ್ಲಿ ಕಷ್ಟದಲ್ಲಿದ್ದೇನೆ" ಎಂಬ ಒಂದೇ ಸಂಕೇತವು ಉಪಗ್ರಹಗಳಿಗೆ ಹೋಗುವದು. ಅಮೇರಿಕ, ಕೆನಡಾ, ಫ್ರಾನ್ಸ, ಆಗಿನ ಸೋವಿಯೆಟ್ ರಶಿಯ ಈ ನಾಲ್ಕು ದೇಶಗಳು ತಮ್ಮ ಜಗಳಗಳನ್ನು ಬದಿಗಿಟ್ಟು ಕೂಡಿ ಕಟ್ಟಿದ ಕೊಸ್ಪಾಸ್–ಸಾರ್ಸಾಟ್ ಎಂಬ ಏರ್ಪಾಡಿದು; 1982ರಲ್ಲಿಯೇ ಇದರಿಂದ ಮೊದಲ ಜೀವಗಳು ಉಳಿದವು. ಭಾರತವೂ ಇದರಲ್ಲಿ ಪಾಲುಗೊಂಡಿದೆ. ನಮ್ಮ ದೇಶದ ಮಟ್ಟಿಗೆ ಈ ಸಂಕೇತಗಳನ್ನು ಬರಮಾಡಿಕೊಳ್ಳುವ ಕೇಂದ್ರವು ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯ ಅಂಗವಾಗಿ ನಡೆಯುತ್ತಿರುವದೆಂಬದು ಕನ್ನಡಿಗರಿಗೆ ಅಭಿಮಾನದ ಸಂಗತಿಯಲ್ಲವೆ? ಅದೇ ಇಸ್ರೋ ಸಂಸ್ಥೆಯು ಕಡಲಿಗೆ ಇಳಿಯುವ ಬೆಸ್ತರಿಗಾಗಿ ಆಪತ್ತಿನ ಯಂತ್ರವೊಂದನ್ನು ಮಾಡಿಕೊಟ್ಟು, 2024ರಲ್ಲಿ ಅದರ ಸುಧಾರಿಸಿದ ರೂಪವನ್ನು ಹೊರತಂದಿತು. ಈ ಎರಡನೆಯ ರೂಪದಲ್ಲಿ, ಕಳಿಸಿದ ಕರೆಯು ಮುಟ್ಟಿತೆಂಬ ಮರುಸುದ್ದಿಯು ದೋಣಿಗೇ ತಿರುಗಿ ಬರುವದು. ಕತ್ತಲೆಯಲ್ಲಿ ಕೂಗಿದವನಿಗೆ "ಓ" ಎಂಬ ಉತ್ತರವು ಬಂದರೆ ಅರ್ಧ ಜೀವವು ಬಂದಂತೆಯೇ.

ಇಲ್ಲಿ ನಮ್ಮದೊಂದು ಬಿನ್ನಹವಿದೆ. ದೇಶದ ರಕ್ಷಣೆಗಾಗಿ ಸರಕಾರವು ಉಪಗ್ರಹದ ಫೋನುಗಳನ್ನು ಹತೋಟಿಯಲ್ಲಿಡುವದು ಯೋಗ್ಯವೇ. ಆದರೆ ಯಾರೊಡನೆಯೂ ಮಾತಾಡಲಾರದ, ಕೇವಲ ಕಾಪಾಡಿರೆಂದು ಕೂಗುವ ಯಂತ್ರವನ್ನು ಬೆಸ್ತರ ಕೈಗೆ ಕೊಟ್ಟಂತೆ ಕಚ್ಛದ ರಣದಲ್ಲಿ ಉಪ್ಪು ಮಾಡುವವರಿಗೂ, ಮಂದೆಯನ್ನು ಹೊಡೆದುಕೊಂಡು ತಿಂಗಳುಗಟ್ಟಲೆ ತಿರುಗುವ ಕುರಿಗಾರರಿಗೂ, ಹೆಸರು ಬರೆಯಿಸಿ ಹೊರಡುವ ಒಂಟಿ ಪ್ರಯಾಣಿಕರಿಗೂ ಸುಲಭವಾದ ಅನುಮತಿಯಿಂದ, ತುಸು ಬಾಡಿಗೆಯಿಂದ ದೊರೆಯುವಂತೆ ಏಕೆ ಮಾಡಬಾರದು? ಪ್ರವಾಸಿಗರು ಹೆಚ್ಚಾಗಿ ಹೋಗುವ ಮರುಭೂಮಿಯ ಬಾಗಿಲಲ್ಲಿರುವ ಠಾಣೆಗಳಲ್ಲಿ ಇವನ್ನು ಒತ್ತೆಯ ಹಣದ ಮೇಲೆ ಕೊಟ್ಟು ತಿರುಗಿ ಪಡೆಯಬಹುದು. ಕಾಯಿದೆಯು ಕೆಟ್ಟವರ ಕೈಯನ್ನು ಕಟ್ಟಲಿ. ಕಷ್ಟದಲ್ಲಿರುವವರ ಬಾಯನ್ನು ಕಟ್ಟದಿರಲಿ.

ನಾಲ್ಕನೆಯವು ಯಾವ ಬ್ಯಾಟರಿಯನ್ನೂ ಬೇಡದ ಹಳೆಯ ಸಾಧನಗಳು. ಚಿಕ್ಕ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿದರೆ ಅದರ ಮಿಂಚು ಬಹುದೂರದ ವಿಮಾನಕ್ಕೂ ಕಾಣುವದು. ಸೀಟಿಯ ಧ್ವನಿಯು ಗಂಟಲಿನ ಕೂಗಿಗಿಂತ ದೂರ ಹೋಗುವದಲ್ಲದೆ ಗಂಟಲನ್ನು ಒಣಗಿಸುವದಿಲ್ಲ. ಮೂರು ಸೀಟಿ, ಮೂರು ಬೆಂಕಿ, ಮೂರು ಗುರುತು ಇವು ಆಪತ್ತಿನ ಸೂಚನೆಗಳೆಂದು ಬಹುದೇಶಗಳಲ್ಲಿ ಪ್ರಸಿದ್ಧವಾಗಿವೆ. ನೆಲದ ಮೇಲೆ ಕಲ್ಲುಗಳಿಂದಲೋ ಬಟ್ಟೆಯಿಂದಲೋ ದೊಡ್ಡದಾಗಿ ಇಂಗ್ಲಿಷಿನ "ವಿ" ಅಕ್ಷರವನ್ನು ಮೂಡಿಸಿದರೆ ಸಹಾಯ ಬೇಕೆಂದೂ, "ಎಕ್ಸ್" ಅಕ್ಷರವನ್ನು ಮೂಡಿಸಿದರೆ ವೈದ್ಯರ ನೆರವು ಬೇಕೆಂದೂ ವಿಮಾನದವರು ತಿಳಿಯುತ್ತಾರೆ. ಎಲ್ಲಕ್ಕೂ ಮಿಗಿಲಾದ ನಿಯಮವೆಂದರೆ, ಕೆಟ್ಟು ನಿಂತ ವಾಹನವನ್ನು ಬಿಟ್ಟು ನಡೆಯಬಾರದು. ಬಯಲಿನಲ್ಲಿ ನಡೆಯುವ ಮನುಷ್ಯನಿಗಿಂತ ನಿಂತ ವಾಹನವು ಹುಡುಕುವವರ ಕಣ್ಣಿಗೆ ಬೇಗ ಬೀಳುವದು. ಅದರ ನೆರಳೂ ದೊರೆಯುವದು.

ಇಷ್ಟು ಸಾಧನಗಳನ್ನು ಎಣಿಸಿದ ಮೇಲೆ ನಮ್ಮ ಮುಖ್ಯವಾದ ಮಾತಿಗೆ ಬರುತ್ತೇವೆ. ಇವೆಲ್ಲವುಗಳಿಗಿಂತ ಮೊದಲಿನ ಸಾಧನವೊಂದಿದೆ. ಅದಕ್ಕೆ ಒಂದು ಹಾಳೆ, ಒಂದು ಪೆನ್ನು, ನಂಬಿಗಸ್ತನಾದ ಒಬ್ಬ ಮನುಷ್ಯ ಇಷ್ಟು ಸಾಕು. ಅದು ಹೊರಡುವ ಮುನ್ನ ಬರೆದಿಟ್ಟು ಹೋಗುವ ಪ್ರಯಾಣದ ಚೀಟಿ. ಯಾವ ದಾರಿಯಿಂದ ಹೋಗುವದು, ಯಾವ ವಾಹನ, ಅದರ ಸಂಖ್ಯೆಯೇನು, ರಾತ್ರಿ ಎಲ್ಲಿ ತಂಗುವದು, ಎಷ್ಟು ನೀರು ಜೊತೆಗಿದೆ, ಎಷ್ಟು ಗಂಟೆಗೆ ತಲುಪುವದು, ಸಮೀಪದ ಪೋಲೀಸ ಠಾಣೆ ಯಾವದು ಎಂಬಿಷ್ಟನ್ನೂ ಬರೆದು, ಕಡೆಗೆ ಒಂದು ಗಡುವನ್ನು ಕಾಣಿಸಬೇಕು: "ನಾನು ಸಂಜೆ 5 ಗಂಟೆಗೆ ತಲುಪತಕ್ಕವಳು. 8 ಗಂಟೆಯವರೆಗೆ ಕಾಯಿರಿ. ಅಷ್ಟರಲ್ಲಿ ಸುದ್ದಿ ಬಾರದಿದ್ದರೆ ಈ ಠಾಣೆಗೆ ತಿಳಿಸಿರಿ." ದಾರಿಯು ಬದಲಾದರೆ ಟವರು ತಪ್ಪುವ ಮೊದಲೇ ಅದನ್ನು ತಿಳಿಸಬೇಕು. ಸುದ್ದಿ ಬಾರದಿರುವದೇ ಒಂದು ಸುದ್ದಿಯಾಗುವಂತೆ ಮಾಡುವ ಉಪಾಯವಿದು. ಸಾಧನಗಳೆಲ್ಲ ಕೆಟ್ಟರೂ ಇದು ಕೆಡುವದಿಲ್ಲ. ಏಕಂದರೆ ಇದು ಕೆಲಸ ಮಾಡುವದು ಪ್ರಯಾಣಿಕಳ ಕೈಯಲ್ಲಿ ಅಲ್ಲ, ಮನೆಯಲ್ಲಿ. ನಾಲ್ಕು ದಿನ ತಡವಾಗಿ ಹುಡುಕುವದಕ್ಕೂ ನಾಲ್ಕು ತಾಸು ತಡವಾಗಿ ಹುಡುಕುವದಕ್ಕೂ ಇರುವ ಅಂತರವೇ ಜೀವಕ್ಕೂ ಮರಣಕ್ಕೂ ಇರುವ ಅಂತರ.

ಈಗ ಪಾಲಕರಿಗೆ ಒಂದು ಮಾತು. ಈ ಚೀಟಿಯು ಇಬ್ಬರ ಒಪ್ಪಂದ. ಗಡುವು ಮುಗಿಯುವವರೆಗೆ ಮನಸ್ಸನ್ನು ಹಿಡಿದು ಕೂಡ್ರುವದು ನಿಮ್ಮ ಪಾಲಿನ ಕರ್ತವ್ಯ. ಗಳಿಗೆಗೊಮ್ಮೆ ಕರೆದರೆ ಮಗಳ ಬ್ಯಾಟರಿ ತೀರುವದು. ನಿಜವಾಗಿ ಬೇಕಾದಾಗ ಅದು ಇರಲಾರದು. ಹಾಗೆಯೇ ಗಡುವು ಮೀರಿದ ಮೇಲೆ "ಜನರು ಏನೆಂದಾರು? ಹೆಣ್ಣುಮಗಳ ಹೆಸರು ಠಾಣೆಯಲ್ಲಿ ಬರಬೇಕೆ?" ಎಂದು ಸಂಕೋಚಪಟ್ಟು ಒಂದು ರಾತ್ರಿಯನ್ನು ಕಳೆಯುವದೂ ಸಲ್ಲದು. ಮಾನದ ಹೆಸರಿನಲ್ಲಿ ಕಳೆದ ರಾತ್ರಿಯನ್ನು ಯಾರೂ ತಿರುಗಿ ತಂದುಕೊಡಲಾರರು. ಇನ್ನು ಕೆಲವರು ಮಗಳು ಎಲ್ಲಿ ನಿಂತಳು, ಎಲ್ಲಿ ಕೂತಳು ಎಂಬದನ್ನು ಮೊಬೈಲಿನಲ್ಲಿ ಹಗಲಿರುಳು ನೋಡುತ್ತಿರುವ ಪದ್ಧತಿಯನ್ನು ಹಿಡಿದಿದ್ದಾರೆ. ಪ್ರಯಾಣದ ಕಾಲಕ್ಕೆ ಆಕೆಯ ಒಪ್ಪಿಗೆಯಿಂದ ಹೀಗೆ ಮಾಡುವದು ಕಾವಲು. ಉಳಿದ ಕಾಲಕ್ಕೆ ಒಪ್ಪಿಗೆಯಿಲ್ಲದೆ ಮಾಡುವದು ಬೇಡಿ. ಬೇಡಿಯ ಭಯವಿದ್ದ ಮಗಳು ಒಂದು ದಿನ ಮೊಬೈಲನ್ನೇ ಮುಚ್ಚಿಟ್ಟು ಹೋದಾಳು. ಆಗ ಕಾವಲೂ ಹೋಯಿತು. ನಿಜವನ್ನು ಹೇಳಿದರೆ ಬೈಗಳು ಸಿಗಲಾರವೆಂಬ ನಂಬಿಗೆಯಿದ್ದವಳು ಮಾತ್ರ ನಿಜವಾದ ದಾರಿಯನ್ನು ಚೀಟಿಯಲ್ಲಿ ಬರೆದಿಡುವಳು.

ಶಾಲೆಗಳ ಪಾಲಿನ ಕರ್ತವ್ಯವನ್ನೂ ನಾವು ಮರೆಯಲಾರೆವು. 2004ರ ಡಿಸೆಂಬರ 26ರಂದು ಸುನಾಮಿಯ ತೆರೆಗಳು ಅಂದಮಾನ ನಿಕೋಬಾರ ದ್ವೀಪಗಳನ್ನು ಬಡಿದಾಗ ಅಲ್ಲಿಯ ಫೋನುಗಳೆಲ್ಲ ಮೂಕವಾದವು. ಆಗ ಪೋರ್ಟಬ್ಲೇರಿನಲ್ಲಿದ್ದ ಭಾರತಿ ಪ್ರಸಾದ ಎಂಬ ಮಹಿಳೆಯು ತನ್ನ ಹವ್ಯಾಸಿ ರೇಡಿಯೋ ಯಂತ್ರದಿಂದ ದ್ವೀಪದ ಸುದ್ದಿಯನ್ನು ನಡುನಾಡಿಗೆ ಮುಟ್ಟಿಸಿ ಎಷ್ಟೋ ಮನೆಗಳಿಗೆ ತಮ್ಮವರ ಕ್ಷೇಮಸಮಾಚಾರವನ್ನು ಒದಗಿಸಿದಳು. ಹ್ಯಾಮ್ ರೇಡಿಯೋ ಎಂದು ಕರೆಯುವ ಈ ವಿದ್ಯೆಗೆ ಸರಕಾರದ ಪರೀಕ್ಷೆಯುಂಟು, ಪರವಾನಗಿಯುಂಟು. 12 ವರ್ಷ ತುಂಬಿದವರೆಲ್ಲರೂ ಪರೀಕ್ಷೆಗೆ ಕೂಡ್ರಬಹುದು. ಎಂದರೆ ನಮ್ಮ ಆರನೆಯ ಏಳನೆಯ ಇಯತ್ತೆಯ ಹುಡುಗಿಯರಿಗೂ ಇದರ ಬಾಗಿಲು ತೆರೆದೇ ಇದೆ. ಹೊಳೆಯ ಎರಡೂ ದಂಡೆಗಳಲ್ಲಿರುವ ಪ್ರೌಢಶಾಲೆಗಳಲ್ಲಿ ಇಂಥ ಒಂದೊಂದು ಕೂಟವು ಏರ್ಪಟ್ಟರೆ ಮಹಾಪೂರದ ದಿನಗಳಲ್ಲಿ ಈ ದಂಡೆಯ ತಾಯಿಗೆ ಆ ದಂಡೆಯ ಮಗಳ ಸುದ್ದಿಯು ಮುಟ್ಟಲು ಒಂದು ದಾರಿಯಾದೀತು. ಹಳೆಯ ವಿದ್ಯಾರ್ಥಿನಿಯರಲ್ಲಿ ವಿಜ್ಞಾನವನ್ನು ಓದಿದವರು ಮುಂದೆ ಬಂದರೆ ಇದು ಅಸಾಧ್ಯವಾದ ಕೆಲಸವೇನೂ ಅಲ್ಲ.

2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ತಂತಿಯ ಸೇವೆಯು ನಿಂತುಹೋಯಿತು. "ಸುಖವಾಗಿ ತಲುಪಿದೆ" ಎಂಬ ಎರಡು ಶಬ್ದಗಳಿಗಾಗಿ ಅಂಚೆಯವನ ದಾರಿಯನ್ನು ಕಾಯುತ್ತಿದ್ದ ತಾಯಂದಿರ ಕಾಲವು ಅದರೊಡನೆ ಮುಗಿಯಿತೆಂದು ಹಲವರು ತಿಳಿದರು. ಸಾಧನವು ಬದಲಾಯಿತಷ್ಟೇ, ಆ ಎರಡು ಶಬ್ದಗಳ ಬೆಲೆಯು ಕಡಿಮೆಯಾಗಿಲ್ಲ. ಪ್ರಿಯ ವಿದ್ಯಾರ್ಥಿನಿಯರೇ, ಎಲ್ಲಿಗಾದರೂ ಹೋಗಿರಿ, ದೂರ ಹೋಗಿರಿ, ಒಬ್ಬರೇ ಹೋಗಿರಿ. ಆದರೆ ಚೀಟಿಯನ್ನು ಬರೆದಿಟ್ಟು ಹೋಗಿರಿ, ತಲುಪಿದೊಡನೆ ಆ ಎರಡು ಶಬ್ದಗಳನ್ನು ಮನೆಗೆ ಕಳಿಸಿರಿ. ಪಾಲಕರೇ, ಬಾಗಿಲನ್ನು ಮುಚ್ಚಬೇಡಿರಿ. ಗಡುವನ್ನು ಗೊತ್ತುಮಾಡಿ ದೀಪವನ್ನು ಹಚ್ಚಿಡಿರಿ. ಇಷ್ಟು ನಡೆದರೆ ನಮ್ಮ ಹೆಣ್ಣುಮಕ್ಕಳು ಯಾವ ಮರುಭೂಮಿಯಲ್ಲಿಯೂ ನಿಜವಾಗಿ ಒಂಟಿಯಾಗಿರಲಾರರೆಂದು ನಾವು ನಂಬಿದ್ದೇವೆ.